ಹಂದಿ ರೂಪಾಯಿಯ ಖಾನೆ

ಹಾವೇರಿಯ ಅಣ್ಣಾಜಿಗೆ ಹೊಟ್ಟೆಕಿಚ್ಚು ಎಂಬ ಮಾತು ಆಗಿಬರುತ್ತಿರಲಿಲ್ಲ. ತನಗಿರುವುದು ಅಸಿಡಿಟಿ ಎಂದೇ ಅವನು ನಂಬಿದ್ದ. ಸ್ವಂತ ಮೆಡಿಕಲ್ ಅಂಗಡಿ ಇದ್ದವನಿಗೆ ಹಾಗೆ ನಂಬುವುದು ಸುಲಭ, ಕೈ ಚಾಚಿದರೆ ಗುಳಿಗೆ. ಆದರೆ ಆ ಉರಿ ಏಳುತ್ತಿದ್ದದ್ದು ಖಾರ ಉಂಡಾಗಲ್ಲ, ಬ್ಯಾಡಗಿಯ ಶಂಭುಲಿಂಗನ ಹೆಸರು ಕಿವಿಗೆ ಬಿದ್ದಾಗ. ಅವನ ಹೆಂಡತಿ ಮಥುರಾಬಾಯಿ ಇದನ್ನು ಎಂದೋ ಕಂಡುಕೊಂಡಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಅಣ್ಣಾಜಿ ಹಳೆಯ ಬ್ರಿಟಿಷ್ ನಾಣ್ಯಗಳನ್ನು ಕೂಡಿಸುವವನು. ಹರೆಯದಲ್ಲಿ ಹತ್ತಿದ ಹುಚ್ಚು, ಅರವತ್ತು ಬಂದರೂ ಬಿಟ್ಟಿರಲಿಲ್ಲ. ಅಗಡಿಯಿಂದಲೋ ಗುತ್ತಲದಿಂದಲೋ ಗುಳಿಗೆ ಒಯ್ಯಲು ಬಂದ ಮುದುಕಿಯರ ಮೊಣಕಾಲು ನೋವನ್ನು ಮೊದಲು ವಿಚಾರಿಸುವನು. ಆಮೇಲೆ ಮೆಲ್ಲಗೆ, "ಅಜ್ಜಿ, ಮನ್ಯಾಗ ರಾಣಿ ಛಾಪಿನ ರೂಪಾಯಿ ಏನರೆ ಅವ ಏನು?" ಎಂದು ಕೇಳುವನು. ಅವರು ಮುಂದಿನ ಸಲ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದರೆ ಮುಖ ಸಪ್ಪಗೆ ಮಾಡಿ, "ಇದು ಸಾದಾ ಅದ, ಬೆಳ್ಳಿ ರೇಟು ಅಷ್ಟ ಬರ್ತದ" ಎನ್ನುವನು. ಚೌಕಾಶಿಯಲ್ಲಿ ಅವನಿಗೆ ಗೊತ್ತಿದ್ದದ್ದು ಇದೊಂದೇ ಪಟ್ಟು. ಕೊಂಡ ಮೇಲೆ ಮಾತ್ರ ಅದೇ ಸಾದಾ ರೂಪಾಯಿಯನ್ನು ಅಂಚಿನಲ್ಲಿ ಹಿಡಿದು, ಉಸಿರು ತಾಗದಂತೆ ಭೂತಗನ್ನಡಿಯಲ್ಲಿ ನೋಡುತ್ತ ಊಟ ಮರೆಯುವನು.

ಅಂಗಡಿಯ ಹಳೆಯ ಔಷಧಿ ಕಪಾಟನ್ನು ಮನೆಗೆ ತಂದು ಅದರ ಡ್ರಾವರಿನಲ್ಲಿ ಸಣ್ಣ ಸಣ್ಣ ಖಾನೆ ಮಾಡಿಸಿದ್ದ. ವಿಕ್ಟೋರಿಯಾ ರಾಣಿ, ಅವಳ ಮಗ ಎಡ್ವರ್ಡ್, ಮೊಮ್ಮಗ ಜಾರ್ಜ್, ಹೀಗೆ ಇಸವಿ ಪ್ರಕಾರ ರೂಪಾಯಿಗಳು ಸಾಲಾಗಿ ಮಲಗಿದ್ದವು. ಜಾರ್ಜನ ಸಾಲಿನ ಮೊದಲ ಖಾನೆಯೊಂದೇ ಖಾಲಿ. ಅಲ್ಲಿ ಇರಬೇಕಾದದ್ದು ೧೯೧೧ರ ರೂಪಾಯಿ. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಮೋಟಾಗಿ ಮೂಡಿದ್ದರಿಂದ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ರಾಜನ ಮೈಮೇಲೆ ಹಂದಿಯೇ ಎಂದು ಗದ್ದಲವಾಗಿ ಸರ್ಕಾರ ಬಹಳಷ್ಟನ್ನು ಕರಗಿಸಿ, ಮರುವರ್ಷ ಆನೆಯನ್ನು ತಿದ್ದಿ ಬೇರೆ ಹೊಡೆಸಿತು. ಕರಗದೆ ಉಳಿದದ್ದಕ್ಕೆ ಹಂದಿ ರೂಪಾಯಿ ಎಂದೇ ಹೆಸರು. ನಾಣ್ಯದ ಅಂಗಡಿಗಳಲ್ಲಿ ಕೊಂಡು ತರಬಹುದಿತ್ತು. ಅಣ್ಣಾಜಿಗೆ ಅಂಗಡಿಯದು ಬೇಡ. ಒಂದು ಮನೆಯ ಟ್ರಂಕಿನಲ್ಲಿ ಮಲಗಿ ಕಪ್ಪಗಾದದ್ದು ಬೇಕು.

ಆ ಕಪ್ಪೇ ಈ ಹುಚ್ಚಿನವರಿಗೆ ಬೆಲೆ. ವರ್ಷಗಳ ಗಾಳಿ ಕುಡಿದು ಬೆಳ್ಳಿಯ ಮೇಲೆ ಕೂತ ತೆಳು ಪದರ ನಾಣ್ಯದ ಚರ್ಮ ಇದ್ದ ಹಾಗೆ, ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ತೊಳೆದ ನಾಣ್ಯವನ್ನು ತಿಳಿದವರು ಕೈಯಲ್ಲಿ ಹಿಡಿಯುವುದಿಲ್ಲ. ಒಂದು ದೀಪಾವಳಿಯಲ್ಲಿ ಮಥುರಾಬಾಯಿ ಲಕ್ಷ್ಮೀಪೂಜೆಗೆಂದು ಡ್ರಾವರಿನಿಂದ ಒಂದು ರಾಣಿ ರೂಪಾಯಿ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿ ಕಲಶದ ಮುಂದಿಟ್ಟಿದ್ದಳು. ಅಣ್ಣಾಜಿ ಆರತಿಗೂ ನಿಲ್ಲದೆ ಎದ್ದುಹೋದ. ಹದಿನೈದು ದಿನ ಅವಳೊಂದಿಗೆ ಮಾತು ಬಿಟ್ಟ.

ಇನ್ನು ಶಂಭುಲಿಂಗ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ, ಕೈತುಂಬ ಗಳಿಕೆ, ಅಣ್ಣಾಜಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಮೊನ್ನೆ ಮೊನ್ನೆ ಈ ಹುಚ್ಚು ಹಿಡಿಸಿಕೊಂಡವನು ಬೆಂಗಳೂರಿನ ಹರಾಜಿನಿಂದ ಪ್ಲಾಸ್ಟಿಕ್ಕಿನಲ್ಲಿ ಸೀಲಾಗಿ ಬಂದ ನಾಣ್ಯಗಳನ್ನು ತರಿಸಿ ತರಿಸಿ, ಅಣ್ಣಾಜಿ ಜೀವಮಾನದಲ್ಲಿ ಕಾಣದ್ದನ್ನೆಲ್ಲ ಕೂಡಿಸಿಬಿಟ್ಟ. ತರಿಸಿದ ಕೂಡಲೇ ಜಿಲ್ಲೆಯ ನಾಣ್ಯಪ್ರಿಯರ ವಾಟ್ಸಪ್ ಗುಂಪಿಗೆ ಫೋಟೊ. ಅದರ ಕೆಳಗೆ ಚಪ್ಪಾಳೆಯ ಸಾಲು. ಅಣ್ಣಾಜಿ ಆ ಫೋಟೊವನ್ನು ಬೆರಳಿನಿಂದ ಅಗಲ ಮಾಡಿ, ಮೂಲೆ ಮೂಲೆ ನೋಡಿ, ಒಂದು ಹೆಬ್ಬೆರಳನ್ನೂ ಒತ್ತದೆ ಫೋನು ಮುಚ್ಚಿಡುವನು. ರೊಕ್ಕ ಒಂದಿದ್ದರೆ ಯಾರಾದರೂ ಕೂಡಿಸಿಯಾರು, ಇದರಲ್ಲಿ ಅವನದೇನಿದೆ ಎಂದುಕೊಳ್ಳುವನು. ಎಂದುಕೊಂಡು ಒಂದು ಗುಳಿಗೆ ನುಂಗುವನು.

ಇಷ್ಟರ ಮೇಲೆ ಅವನು ಕೆಟ್ಟವನಾದರೂ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಅದೂ ಇಲ್ಲ. ಹಾವೇರಿಗೆ ಬಂದಾಗಲೆಲ್ಲ ಅಣ್ಣಾಜಿಯ ಮನೆಗೆ ಬಂದು, ನೆಲದ ಮೇಲೆ ಕೂತು, "ಗುರುಗಳ, ಆ ಡ್ರಾವರ್ ಒಂದೀಟು ತೋರಸ್ರಿ" ಎನ್ನುವನು. ಖಾಲಿ ಖಾನೆಯನ್ನು ಕಂಡು, "ಇದೊಂದು ತುಂಬಿದ್ರ ಜಾರ್ಜನ ಸಾಲು ಪೂರಾ ಆಗ್ತೈತಲ್ರಿ" ಎಂದಿದ್ದ. ತನ್ನ ಕೊರತೆಯನ್ನು ಎತ್ತಿ ತೋರಿಸುತ್ತಾನೆ ಎಂದು ಅಣ್ಣಾಜಿಗೆ ಆ ದಿನವಿಡೀ ಮೈ ಪರಚಿಕೊಳ್ಳುವಂತಾಗಿತ್ತು.

ಆ ಖಾನೆಗೆ ಬೇಕಾದದ್ದು ಎಲ್ಲಿದೆ ಎಂಬುದು ಅಣ್ಣಾಜಿಗೆ ಗೊತ್ತಿತ್ತು. ರಾಣೆಬೆನ್ನೂರಿನ ಹತ್ತಿರ ಹಲಗೇರಿಯಲ್ಲಿ ಪ್ರಭುಲಿಂಗಪ್ಪ ಎಂಬ ಒಕ್ಕಲಿಗನ ಮನೆಯ ಟ್ರಂಕಿನಲ್ಲಿ. ಎಣ್ಣೆಯಲ್ಲಿ ಅದ್ದಿದಂಥ ಕಪ್ಪು, ಅಂಚಿಗೆ ನೀಲಿಯ ಛಾಯೆ, ಒಂದು ಗೀರಿಲ್ಲ. ವರ್ಷಕ್ಕೊಮ್ಮೆ ಹೋಗಿ ನೋಡಿ, "ಸಾದಾ ಅದ" ಎಂದು ಹೇಳಿ, ಚಹಾ ಕುಡಿದು ಬರುತ್ತಿದ್ದ.

"ಸಾದಾ ಇದ್ರ ವರ್ಷಾ ವರ್ಷಾ ನೋಡಾಕ ಯಾಕ ಬರ್ತೀರಿ ಅಣ್ಣಾಜಿಯವರ?" ಎಂದು ಪ್ರಭುಲಿಂಗಪ್ಪ ನಗುತ್ತಿದ್ದ. ಆದರೂ ಅಣ್ಣಾಜಿ ಬೆಲೆ ಏರಿಸಲಿಲ್ಲ. ಇವತ್ತಲ್ಲ ನಾಳೆ ಅವನೇ ಮೆತ್ತಗಾಗುತ್ತಾನೆ, ಎಲ್ಲಿಗೆ ಹೋಗುತ್ತದೆ ರೂಪಾಯಿ ಎಂದು ಕೂತ.

ಎಲ್ಲಿಗೆ ಹೋಗುತ್ತದೆ ಎಂಬುದು ಈ ಸಲದ ದಸರೆ ಮುಗಿದ ಮೇಲೆ ಗೊತ್ತಾಯಿತು. ಗುಂಪಿನಲ್ಲಿ ಶಂಭುಲಿಂಗನ ಫೋಟೊ ಬಂತು. ಅಂಗೈ ಮೇಲೆ ಕಪ್ಪು ರೂಪಾಯಿ, ಅಂಚಿಗೆ ಅದೇ ನೀಲಿ. "ಹಲಗೇರಿಯಿಂದ ಬಂತು" ಎಂದು ಕೆಳಗೆ ಬರೆದಿದ್ದ.

ಅಣ್ಣಾಜಿ ಕೂಡಲೇ ಪ್ರಭುಲಿಂಗಪ್ಪನಿಗೆ ಫೋನು ಮಾಡಿದ. "ಅವರು ರೇಟು ಕೇಳಿದ್ರು, ನಾ ಹೇಳಿದೆ, ಅವರು ಕೊಟ್ರು. ನೀವು ಸಾದಾ ಅಂತಿದ್ರಲ್ರಿ," ಎಂದ ಪ್ರಭುಲಿಂಗಪ್ಪ. "ನೀವು ವರ್ಷಾ ಬಂದು ನೋಡೂದು ಸೈತ ಹೇಳೇನ್ರಿ ಅವರಿಗೆ."

ಅಂದರೆ ಗೊತ್ತಿದ್ದೂ ಕಸಿದುಕೊಂಡ. ಅಣ್ಣಾಜಿ ಎರಡು ದಿನ ಅಂಗಡಿಯಲ್ಲಿ ಕೂತಲ್ಲೇ ಕುದ್ದ. ಗಿರಾಕಿಗಳ ಮೇಲೆ ಹರಿಹಾಯ್ದ. ಮೂರನೆಯ ದಿನ ತಡೆಯಲಾರದೆ ಬ್ಯಾಡಗಿಯ ಬಸ್ಸು ಹತ್ತಿದ. ಕಳಕೊಂಡದ್ದನ್ನು ಹೋಗಿ ನೋಡುವುದರಲ್ಲಿ ಏನು ಸುಖವೋ, ಈ ಜಾತಿಯ ಉರಿಗೆ ಅದೂ ಬೇಕಾಗುತ್ತದೆ.

ಶಂಭುಲಿಂಗನ ಮನೆಯಲ್ಲಿ ದೀಪಾವಳಿಗೆ ಸುಣ್ಣ ಬಳಿದು ಮುಗಿದಿತ್ತು. ಮೆಣಸಿನಕಾಯಿ ಘಾಟಿಗೆ ಅಣ್ಣಾಜಿ ಹೊಸ್ತಿಲಲ್ಲೇ ಸೀನಿದ. ಶಂಭುಲಿಂಗ ಓಡಿ ಬಂದು, "ಬರ್ರಿ ಗುರುಗಳ, ನೀವು ಬಂದದ್ದು ಬಾಳ ಚಲೋ ಆತು, ಕುಂದ್ರಿ" ಎಂದು ಕುರ್ಚಿ ಎಳೆದ. ರೂಪಾಯಿಯನ್ನು ಹತ್ತಿಯ ಮೇಲಿಟ್ಟು ತಂದು ಮುಂದಿಟ್ಟ. ಅಣ್ಣಾಜಿ ಅಂಚು ಹಿಡಿದು ಎತ್ತಿದ. ಅದೇ. ತನ್ನದಾಗಬೇಕಾದದ್ದು.

ಚಹಾ ತಂದ ಶಂಭುಲಿಂಗನ ಹೆಂಡತಿ ನಿರ್ಮಲಾ ಬಾಗಿಲಲ್ಲೇ ನಿಂತಳು. "ಒಂದು ಕೇಳ್ತೇನ್ರಿ ಗುರುಗಳ," ಎಂದಳು. "ಇದನ್ನ ಲಕ್ಷ್ಮೀಪೂಜಾಕ್ಕ ಇಡೂದೈತ್ರಿ. ಇಷ್ಟು ಕರ್ರಗ ಹೆಂಗ ಇಡೂದು? ಹುಣಸಿಹಣ್ಣು ಹಚ್ಚಿ ತೊಳದ್ರ ನಡೀತೈತೇನ್ರಿ?"

"ನಾ ತಡಿ ಅಂದೇನ್ರಿ," ಎಂದ ಶಂಭುಲಿಂಗ. "ನನಗ ಬರೂವು ಎಲ್ಲಾ ಸೀಲ್ ಹಾಕಿದ್ದು. ಮನೀದಂತ ಇದ ಮೊದಲನೇದು, ನನಗೇನು ತಿಳೀತೈತ್ರಿ. ಗುರುಗಳನ್ನ ಕೇಳೂಣು, ಅವರು ಹೆಂಗಂತಾರ ಹಂಗ ಅಂದೆ."

ಗಂಡ ಹೆಂಡಿರಿಬ್ಬರೂ ಅವನ ಮುಖ ನೋಡುತ್ತ ನಿಂತರು. ಅಣ್ಣಾಜಿ ರೂಪಾಯಿಯನ್ನು ಹತ್ತಿಯ ಮೇಲಿಟ್ಟ. ತೊಳೀಬ್ಯಾಡ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸಿಕ್ಕ ಸಿಕ್ಕವರಿಗೆಲ್ಲ ಪುಗಸಟ್ಟೆ ಹಂಚಿದ ಬುದ್ಧಿಮಾತು ಅದು. ಆದರೆ ಈ ಚರ್ಮ ಹೀಗೇ ಉಳಿದು, ಇವನ ಕಪಾಟಿನಲ್ಲಿ ಕೂತು, ತಾನು ಸಾಯುವತನಕ ಫೋಟೊದಲ್ಲಿ ಬರುತ್ತಿರುತ್ತದಲ್ಲ ಎಂದು ನೆನೆದಾಗ ಆ ಮಾತು ಅಲ್ಲೇ ಉಳಿಯಿತು.

"ಬೆಳ್ಳಿ ಅಲ್ಲೇನವಾ ಅದು," ಎಂದ. "ಲಕ್ಷ್ಮೀ ಮುಂದ ಹೊಲಸು ಇಡ್ತಾರೇನು? ತೊಳೀರಿ. ಛಲೋ ತಿಕ್ಕಿ ತೊಳೀರಿ."

ಚಹಾ ಆರುವ ಮೊದಲೇ ಎದ್ದ. ಬಸ್ಸಿನಲ್ಲಿ ಕೂತಾಗ ಎಷ್ಟೋ ದಿನಗಳ ಮೇಲೆ ಹೊಟ್ಟೆ ತಣ್ಣಗಿತ್ತು. ಮೋಟೆಬೆನ್ನೂರು ದಾಟುವ ಹೊತ್ತಿಗೆ ಆ ತಂಪು ಹೋಯಿತು. ಕಪ್ಪು ರೂಪಾಯಿ ಕಣ್ಣ ಮುಂದೆ ಬಂದು, ಯಾರೋ ತನ್ನ ಸ್ವಂತ ನಾಣ್ಯವನ್ನೇ ತಿಕ್ಕುತ್ತಿರುವ ಹಾಗೆ ಸಂಕಟವಾಯಿತು. ಲಕ್ಷ್ಮೀಪೂಜೆಯ ಅಮಾವಾಸ್ಯೆ ಬೆಳಿಗ್ಗೆ ಫೋನು ಕೈಗೆತ್ತಿಕೊಂಡು ಶಂಭುಲಿಂಗನ ಹೆಸರು ತೆಗೆದ. ಇನ್ನೂ ಹೊತ್ತು ಮೀರಿರಲಿಲ್ಲ. ಹೆಸರಿನ ಪಕ್ಕದ ಚಿತ್ರದಲ್ಲಿ ಶಂಭುಲಿಂಗ ಯಾವುದೋ ಪ್ರದರ್ಶನದ ಬಹುಮಾನ ಹಿಡಿದು ನಗುತ್ತಿದ್ದ. ಅಣ್ಣಾಜಿ ಫೋನನ್ನು ಕೆಳಗಿಟ್ಟ.

ಹಬ್ಬ ಆದಮೇಲೆ ಗುಂಪಿನಲ್ಲಿ ಫೋಟೊ ಬರಬಹುದು, ತಿಳಿದವರು ಅಯ್ಯೋ ಎನ್ನಬಹುದು ಎಂದು ದಿನಾ ನೋಡಿದ. ಶಂಭುಲಿಂಗ ಯಾವ ಫೋಟೊವನ್ನೂ ಹಾಕಲಿಲ್ಲ.

ದೀಪಾವಳಿ ಕಳೆದು ಕೆಲವು ವಾರಕ್ಕೆ ಅಣ್ಣಾಜಿಯ ಅರವತ್ತರ ಶಾಂತಿ. ಹೋಮ ಮುಗಿದು, ಗಂಡ ಹೆಂಡತಿ ಹಾರ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದರು. ಬೀಗರು ಬಿಜ್ಜರ ಜೊತೆಗೆ ನಾಣ್ಯದ ಗೆಳೆಯರೂ ಬಂದಿದ್ದರು. ರಾಣೆಬೆನ್ನೂರಿನಲ್ಲಿ ಹಳೆಯ ನಾಣ್ಯ ಕೊಂಡು ಮಾರುವ ಕರಬಸಪ್ಪನೂ ಇದ್ದ. ಅವನ ಕಣ್ಣಿಗೆ ಬೀಳದ ಮಾಲು ಈ ಭಾಗದಲ್ಲಿ ಕಡಿಮೆ.

ಶಂಭುಲಿಂಗ, ನಿರ್ಮಲಾ ಬಂದು ಕಾಲಿಗೆ ನಮಸ್ಕಾರ ಮಾಡಿದರು. ಶಂಭುಲಿಂಗ ಜೇಬಿನಿಂದ ಒಂದು ಕೆಂಪು ಡಬ್ಬಿ ತೆಗೆದು ಅಣ್ಣಾಜಿಯ ಕೈಯಲ್ಲಿಟ್ಟ.

"ತಗದ ನೋಡ್ರಿ ಗುರುಗಳ. ಜಾರ್ಜನ ಸಾಲು ಪೂರಾ ಮಾಡ್ರಿ," ಎಂದ. "ನೀವು ವರ್ಷಾ ಹೋಗಿ ನೋಡಿ ಬರ್ತೀರಿ ಅಂತ ಪ್ರಭುಲಿಂಗಪ್ಪ ಹೇಳಿದ. ಹಂಗಾರ ಅರವತ್ತರ ಶಾಂತಿಗೆ ಇದನ್ನ ಕೊಡೂಣು ಅಂತ ಅವತ್ತ ತಗೊಂಡೆ. ಲಕ್ಷ್ಮೀ ಮುಂದಿಟ್ಟು ಪೂಜಾ ಮಾಡಿ ತಂದೇವ್ರಿ."

ಡಬ್ಬಿಯಲ್ಲಿ ರೂಪಾಯಿ ಹೊಸ ಸ್ಟೀಲಿನ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಕಪ್ಪಿಲ್ಲ, ಅಂಚಿನ ನೀಲಿಯೂ ಇಲ್ಲ. ರಾಜನ ಕೆನ್ನೆಯ ಮೇಲೆ ತೆಂಗಿನ ನಾರಿನಿಂದ ತಿಕ್ಕಿದ ಗೀರುಗಳು.

ಕರಬಸಪ್ಪ ಬಗ್ಗಿ ನೋಡಿದ. ಜೇಬಿನ ಕನ್ನಡಿ ತೆಗೆದು ಇನ್ನೊಮ್ಮೆ ನೋಡಿದ. "ಹಲಗೇರೀದು ಅಲ್ಲೇನು ಇದು? ನಾ ನೋಡಿದ್ದೆ. ಅದರ ಪದರಕ್ಕ ಬೆಲೆ ಇತ್ತಪ್ಪ," ಎಂದ. "ಯಾರು ತೊಳಸಿದ್ರು ಇದನ್ನ? ಇನ್ನ ಇದು ತೂಕದ ಬೆಳ್ಳಿ ಅಷ್ಟ."

ಸುತ್ತ ಇದ್ದವರು ಡಬ್ಬಿಯ ಕಡೆಗೆ ಬಗ್ಗಿದರು. ನಿರ್ಮಲಾಳ ಮುಖ ಕಪ್ಪಿಟ್ಟಿತು.

"ಇಲ್ರಿ, ಹಂಗ ಹೆಂಗ? ನಾವು ಗುರುಗಳನ್ನ..." ಎಂದು ಶುರುಮಾಡಿದ ಶಂಭುಲಿಂಗ ಅಣ್ಣಾಜಿಯ ಕಡೆಗೆ ತಿರುಗಿದ. ಅಣ್ಣಾಜಿಯ ಕಣ್ಣು ಡಬ್ಬಿಯಲ್ಲಿತ್ತು. ಮೇಲೆ ಏಳಲಿಲ್ಲ. ಶಂಭುಲಿಂಗ ಅವನನ್ನು ನೋಡುತ್ತಲೇ ಇದ್ದ. ಮೆಣಸಿನಕಾಯಿ ಚೀಲದಲ್ಲಿ ಕೈ ಹಾಕಿ ಒಳಗಿನ ಮಾಲು ಹೇಳುವ ಮನುಷ್ಯ ಅವನು, ತಿಳಿಯಲು ಬಹಳ ಹೊತ್ತು ಹಿಡಿಯಲಿಲ್ಲ.

"ಗುರುಗಳನ್ನ ಕೇಳಬೇಕಿತ್ರಿ," ಎಂದ ಮೆಲ್ಲಗೆ. "ಕೇಳಲಿಲ್ಲ. ನಂದ ತಪ್ಪು."

ನಿರ್ಮಲಾ ಗಂಡನ ಮುಖ ನೋಡಿದಳು. ಆಮೇಲೆ ತಂದ ಕುಪ್ಪಸದ ಖಣ, ತೆಂಗಿನಕಾಯಿ ತೆಗೆದು ಮಥುರಾಬಾಯಿಯ ಉಡಿ ತುಂಬಿದಳು. ಇಬ್ಬರೂ ಊಟ ಮಾಡಿದರು. ಹೋಗುವಾಗ ಶಂಭುಲಿಂಗ ಕೈ ಮುಗಿದು, "ಬರ್ತೇನ್ರಿ ಅಣ್ಣಾಜಿಯವರ" ಎಂದ. ಗುರುಗಳ ಎನ್ನಲಿಲ್ಲ.

ಮಂದಿ ಕರಗಿ ಸಂಜೆಯಾಯಿತು. ಮಥುರಾಬಾಯಿ ಬಂದು ಕಪಾಟಿನ ಹತ್ತಿರ ನಿಂತಳು. "ಅವರು ನಿಮ್ಮನ್ನ ಕೇಳಿದ್ರು, ಹೌದಲ್ಲ?" ಎಂದಳು. ಅವನು ಡಬ್ಬಿಯಿಂದ ರೂಪಾಯಿ ತೆಗೆದ. "ನಾ ತೊಳದಾಗ ಹದಿನೈದು ದಿನ ಮಾತು ಬಿಟ್ಟಿದ್ರಿ," ಎಂದು ಹೇಳಿ ಒಳಗೆ ಹೋದಳು.

ಅಣ್ಣಾಜಿ ಡ್ರಾವರು ಎಳೆದು ಖಾಲಿ ಖಾನೆಯಲ್ಲಿ ರೂಪಾಯಿಯನ್ನಿಟ್ಟ. ಕಪ್ಪು ಸಾಲಿನ ಮೊದಲಲ್ಲಿ ಅದೊಂದೇ ಬೆಳ್ಳಗೆ ಕೂತಿತು. ಶಂಭುಲಿಂಗನ ಹತ್ತಿರ ಇರುವುದೆಲ್ಲ ರೊಕ್ಕದಿಂದ ಬಂದದ್ದು ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದ. ಮಧ್ಯಾಹ್ನ ಅಷ್ಟು ಮಂದಿಯ ಎದುರಿಗೆ ಅವನು ಹೇಳಿದ ಸುಳ್ಳಿಗೆ ರೊಕ್ಕ ಬಿದ್ದಿರಲಿಲ್ಲ. ಅವನ ಜಾಗದಲ್ಲಿ ತಾನಿದ್ದಿದ್ದರೆ ಎಲ್ಲರಿಗೂ ಕೇಳುವಂತೆ ಖರೇ ಹೇಳಿಬಿಡುತ್ತಿದ್ದೆ ಎಂಬುದು ಅಣ್ಣಾಜಿಗೆ ಚೆನ್ನಾಗಿ ಗೊತ್ತಿತ್ತು. ಅಂಥ ಮನಸ್ಸೂ ಅವನಿಗೇ ಯಾಕೆ ಸಿಗಬೇಕಿತ್ತು ಎಂದುಕೊಂಡ, ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಕೈ ತಾನಾಗಿ ಜೇಬಿನ ಗುಳಿಗೆಗೆ ಹೋಯಿತು. ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತವನು, ನುಂಗದೆ ಮತ್ತೆ ಜೇಬಿನಲ್ಲಿಟ್ಟ.