ಕಲ್ಲಿನ ಮೇಲಿಟ್ಟ ಉಜ್ಜುಗೊರಡು

ಕಟ್ಟೆಮಳಲವಾಡಿಯಲ್ಲಿ ಯಾರಿಗೂ ಬೇಡದ ವಸ್ತುಗಳನ್ನು ಅಷ್ಟೊಂದು ಶ್ರದ್ಧೆಯಿಂದ ಮಾಡುತ್ತಿದ್ದವನು ಸಣ್ಣಬೀರಯ್ಯ ಒಬ್ಬನೇ. ಹೊಗೆಸೊಪ್ಪು, ರಾಗಿ ಬೆಳೆದುಕೊಂಡು, ಹೆಂಡತಿ ಯಶೋದಮ್ಮ ಬಡಿಸಿದ್ದನ್ನು ಉಂಡು ಜಗಲಿಯ ಮೇಲೆ ಒರಗಬಹುದಾಗಿದ್ದ ಮನುಷ್ಯ. ಆದರೆ ಒಂದು ಹಲಗೆ ಕಣ್ಣಿಗೆ ಬಿದ್ದರೆ ಸಾಕು, ಅವನ ಕೈ ಸುಮ್ಮನಿರುತ್ತಿರಲಿಲ್ಲ. ಅವನು ಮಾಡಿದ ಇಲಿಬೋನಿನಲ್ಲಿ ಇಲಿ ಮರಿ ಹಾಕಿತು. ಅವನು ಮಾಡಿದ ಕೋಳಿಗೂಡಿಗೆ ಕೋಳಿಗಳು ಹೋಗಲಿಲ್ಲ, ನಾಯಿ ಹೋಗಿ ಮಲಗಿತು. ಆದರೂ ಅವುಗಳ ಮುಂದೆ ಕೂತು ನೋಡುವಾಗ ಅವನ ಮುಖದಲ್ಲಿ ಇರುತ್ತಿದ್ದ ಸಂತೋಷವನ್ನು, ಸೊಪ್ಪಿಗೆ ಒಳ್ಳೆಯ ರೇಟು ಸಿಕ್ಕ ದಿನವೂ ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ.

ಈ ಹುಚ್ಚಿಗೆ ಜೊತೆಗಾರ ಬಸವರಾಜು. ಚಡ್ಡಿ ಹಾಕುವ ಮುಂಚಿನಿಂದಲೂ ಗೆಳೆಯರು. ಬಸವರಾಜು ಹೊಸ ಬ್ಯಾರನ್ ಕಟ್ಟಿಸಿದ ಮೇಲೆ, ಮೊದಲು ಹೊಗೆಸೊಪ್ಪು ಬೇಯಿಸಿ ಒಣಗಿಸುತ್ತಿದ್ದ ಹಳೆಯ ಬ್ಯಾರನ್ ಮನೆ ಖಾಲಿ ಬಿತ್ತು. ತೊಂಬತ್ತೇಳರಲ್ಲಿ ಇಬ್ಬರೂ ಸೇರಿ ಅಲ್ಲಿ ‘ಕೈಕೆಲಸದ ಸಂಘ’ ಶುರು ಮಾಡಿದರು. ಸೇರುವವನು ಮನೆಯಿಂದ ಒಂದು ಹತಾರ ತಂದು ಸಂಘಕ್ಕೆ ಹಾಕಬೇಕು. ಅಲ್ಲಿಂದಾಚೆ ಎಲ್ಲರ ಹತಾರವೂ ಎಲ್ಲರದು. ಬಿಡುವಿದ್ದಾಗ ಬಂದು ಏನು ಬೇಕಾದರೂ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಕೊಳ್ಳುವವರೂ ಇರಲಿಲ್ಲ, ಆ ಮಾತು ಬೇರೆ. ಒಂದು ಮೊಂಡು ಗರಗಸ ಕೊಟ್ಟು ನಾನೂ ಸೇರಿದೆ. ಊರಿನ ಆಚಾರಿ, ತನ್ನ ಹೊಟ್ಟೆಯ ಮೇಲೆ ಹೊಡೆಯುತ್ತಾರೇನೋ ಎಂದು ನೋಡಲು ಬಂದವನು, ನಮ್ಮ ಕೆಲಸವನ್ನು ಸ್ವಲ್ಪ ಹೊತ್ತು ನಿಂತು ನೋಡಿ ನಗುತ್ತಾ ಹೋದ. ಸಂಘ ಶುರುವಾದ ಮೇಲೆ ಅವನಿಗೆ ರಿಪೇರಿ ಕೆಲಸ ಹೆಚ್ಚಾಯಿತು.

ಬಸವರಾಜು ಸಂಘಕ್ಕೆ ಹಾಕಿದ್ದು ತೀರಿಹೋದ ತನ್ನ ಅಪ್ಪ ತಿಮ್ಮಯ್ಯನ ಉಜ್ಜುಗೊರಡು. ತಿಮ್ಮಯ್ಯ ಕೊಡಗಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ಸಂಪಾದಿಸಿದ್ದು, ಪೂರಾ ಕಬ್ಬಿಣದ್ದು. ಹಲಗೆಯ ಮೇಲೆ ಎಳೆದರೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿ ಏಳುತ್ತಿತ್ತು. ಎಲ್ಲ ಹತಾರಗಳೂ ಬ್ಯಾರನ್ನಿನಲ್ಲೇ ಉಳಿಯುತ್ತಿದ್ದವು. ಇದೊಂದನ್ನು ಮಾತ್ರ ಬಸವರಾಜು ಸಂಜೆ ಮನೆಗೆ ಒಯ್ದು ಎಣ್ಣೆ ಒರೆಸಿ ಇಡುತ್ತಿದ್ದ. ಎಲ್ಲರದೂ ಎಲ್ಲರದು ಎಂಬ ಮಾತಿಗೆ ಅಷ್ಟು ವಿನಾಯಿತಿ ಇರಲಿ ಎಂದು ನಾವೂ ಸುಮ್ಮನಿದ್ದೆವು.

ಸಂಘಕ್ಕೆ ಕಾನೂನು ಬರೆದುಕೊಟ್ಟವಳು ಅಕ್ಷರ ಬಾರದ ಕೆಂಪಾಜಮ್ಮ, ಸಣ್ಣಬೀರಯ್ಯನ ತಾಯಿ. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ ಬರುತ್ತದೆ ಎನ್ನುವುದು ಆಕೆಯ ಮಾತು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಕತ್ತಿ, ಕುಡುಗೋಲನ್ನು ನೆಲಕ್ಕಿಟ್ಟೇ ಕೊಡುವುದು, ಹೊಸದೇನಲ್ಲ. ಆದರೆ ಸಣ್ಣಬೀರಯ್ಯ ಅದನ್ನು ಸ್ಪ್ಯಾನರಿಗೂ ಮೊಳೆಗೂ ಹಚ್ಚಿದ. ಬಾಗಿಲ ಹೊರಗೆ ಒಂದು ಚಪ್ಪಡಿ ಕಲ್ಲು ಹಾಕಿಸಿದ. ಕೊಡುವವನು ಅದರ ಮೇಲಿಡಬೇಕು, ಬೇಕಾದವನು ಎತ್ತಿಕೊಳ್ಳಬೇಕು. ಏಣಿಯ ಮೇಲೆ ನಿಂತವನಿಗೆ ಸುತ್ತಿಗೆ ಬೇಕೆಂದರೂ ಇಳಿದು ಬರಬೇಕು. ಸಂಘದಲ್ಲಿ ಜಗಳ ಬರಬಾರದು ಎಂಬುದೇ ಅವನ ಆಸೆ. ಅವನಿಗೆ ಇದ್ದದ್ದು ಒಬ್ಬನೇ ಗೆಳೆಯ.

ಮಗಳು ಕಾವ್ಯಶ್ರೀಗೆ ತವರಿನಲ್ಲಿ ಚೊಚ್ಚಲ ಮಗು ಹುಟ್ಟಿದಾಗ, ತೊಟ್ಟಿಲ ಶಾಸ್ತ್ರಕ್ಕೆ ತೊಟ್ಟಿಲನ್ನು ತಾನೇ ಮಾಡುವುದಾಗಿ ಸಣ್ಣಬೀರಯ್ಯ ಹಟ ಹಿಡಿದ. ಬಸವರಾಜು ಜೊತೆಗೂಡಿದ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡಿದರೂ ತೊಟ್ಟಿಲು ತೊಟ್ಟಿಲಿನಂತೆಯೇ ಆಗತೊಡಗಿದ್ದು ನಮಗೆಲ್ಲ ಆಶ್ಚರ್ಯ. ಒಂದು ಮಗ್ಗುಲು ನುಣುಪಾಗಿತ್ತು, ಇನ್ನೊಂದು ಬಾಕಿಯಿತ್ತು. ಅವತ್ತು ಸಂಜೆ ಬಸವರಾಜು ಉಜ್ಜುಗೊರಡು ಒಯ್ಯಲು ಬಂದು ಕೈ ಚಾಚಿದ.

“ಕೊಡ್ಲಾ ಇತ್ತ. ಬ್ಯಾರನ್ ಒಲೆಗೆ ಸೌದೆ ಆಕ್ಬೇಕು.”

“ದೀಪ ಅಚ್ಚೊ ಒತ್ತು ಕಣ್ಲಾ. ಕಲ್ ಮ್ಯಾಲೆ ಇಡ್ತೀನಿ, ತಗ.”

ಸಣ್ಣಬೀರಯ್ಯ ಅದನ್ನು ಕಲ್ಲಿನ ಮೇಲಿಟ್ಟು, ಮರದ ಹೊಟ್ಟು ಗುಡಿಸಲು ಒಳಗೆ ಹೋದ. ಅಷ್ಟರಲ್ಲಿ ಬಸವರಾಜುವಿನ ಹೆಂಡತಿ ರುಕ್ಮಿಣಮ್ಮ ಹೊಸ ಬ್ಯಾರನ್ನಿನ ಕಡೆಯಿಂದ ಕೂಗಿಕೊಂಡಳು. ಬೆಂಕಿ ಜಾಸ್ತಿಯಾಗಿ ಸೊಪ್ಪು ಸೀಯುವುದರಲ್ಲಿತ್ತು. ಬಸವರಾಜು ಹಾಗೇ ಓಡಿದ. ಉಜ್ಜುಗೊರಡು ನೆನಪಾಗಿದ್ದು ಬೆಳಿಗ್ಗೆ. ಬಂದು ನೋಡಿದರೆ ಕಲ್ಲು ಖಾಲಿ.

ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. ಕೈಗೆ ಕೊಟ್ಟೆಯಾ ಎಂದರೆ ಸಣ್ಣಬೀರಯ್ಯ ಇಲ್ಲ ಎಂದ. ನೀನು ಎತ್ತಿಕೊಂಡೆಯಾ ಎಂದರೆ ಬಸವರಾಜು ಇಲ್ಲ ಎಂದ. ಕೊಟ್ಟವನೂ ಇಲ್ಲ, ತೆಗೆದುಕೊಂಡವನೂ ಇಲ್ಲ. ಸಾಕ್ಷಿ ಹೇಳಬೇಕಾದ್ದು ಕಲ್ಲು. ಹಿರಿಯರು ಗಡ್ಡ ಕೆರೆದುಕೊಂಡರು.

“ನಾ ಕೈ ಚಾಚ್ದಾಗ ಕೊಟ್ಟಿದ್ರೆ ನಿನ್ ಗಂಟೇನ್ಲಾ ಓಯ್ತಿತ್ತು? ನಮ್ಮಪ್ಪುಂದು ಕಣ್ಲಾ ಅದು!” ಎಂದು ಬಸವರಾಜು ಎದ್ದ.

ಸಣ್ಣಬೀರಯ್ಯ ಅವನ ಹೆಗಲ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾ ಕೂಗಿದ: “ಕೈಗ್ ಕೊಟ್ಟಿದ್ರೆ ಜಗಳ ಬತ್ತಿತ್ತಲ್ಲೋ!”

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗದೆ ಇದ್ದವರು ಅವರಿಬ್ಬರೇ. ಅವತ್ತಿನಿಂದ ಮಾತು ನಿಂತಿತು.

ಬ್ಯಾರನ್ನಿಗೆ ಬೀಗ ಬಿತ್ತು. ಅರ್ಧ ತೊಟ್ಟಿಲು ಒಳಗೇ ಉಳಿಯಿತು. ಕಾವ್ಯಶ್ರೀಯ ಮಗು ಸೀರೆಯ ಜೋಲಿಯಲ್ಲಿ ಮಲಗಿ, ಬೆಳೆದು, ಓಡಾಡತೊಡಗಿತು. ಬಾವಿಕಟ್ಟೆಯಲ್ಲಿ ಯಶೋದಮ್ಮ, ರುಕ್ಮಿಣಮ್ಮ ಎಂದಿನಂತೆ ಮಾತಾಡುತ್ತಿದ್ದರು. ಗಂಡಸರ ಪ್ರತಿಷ್ಠೆಗೆ ನೀರು ಸೇದುವ ಕೆಲಸ ಇರುವುದಿಲ್ಲವಲ್ಲ. ಸಣ್ಣಬೀರಯ್ಯ ಹೊಲಕ್ಕೆ ಬಳಸುದಾರಿಯಲ್ಲಿ ಹೋಗುತ್ತಿದ್ದ. ಹಲಗೆ ಕಂಡರೆ ಮುಖ ತಿರುಗಿಸುತ್ತಿದ್ದ. ಇಲಿಬೋನು ಕೂಡ ಮಾಡಲಿಲ್ಲ. ನನಗೆ ನಿಜವಾಗಿ ಸಂಕಟವಾಗುತ್ತಿತ್ತು. ಅವನು ಮಾಡಿದ್ದನ್ನು ನೋಡಿ ಬೈದು, ಅಳತೆ ತಪ್ಪು ಹಿಡಿದು, ಕೊನೆಗೆ ಪರವಾಗಿಲ್ಲ ಕಣ್ಲಾ ಎನ್ನುವವನು ಬಸವರಾಜು ಒಬ್ಬನೇ ಆಗಿದ್ದ. ಅವನಿಲ್ಲದ ಮೇಲೆ ಯಾರಿಗೆ ತೋರಿಸಲು ಮಾಡಬೇಕು?

ವರ್ಷಗಳು ಉರುಳಿದವು. ಕಾವ್ಯಶ್ರೀ ಎರಡನೆಯ ಬಾಣಂತನಕ್ಕೆ ಬಂದಿದ್ದಾಗ, ಕೊಡಗಿನ ತೋಟಕ್ಕೆ ಕೆಲಸಕ್ಕೆ ಹೋಗಿದ್ದ ಮಾದೇಶ ಊರಿಗೆ ಮರಳಿದ. ಅವನೂ ನಮ್ಮ ಸಂಘದ ಸದಸ್ಯನೇ. ಬಂದವನು ಗೋಣಿಚೀಲ ಬಿಚ್ಚಿ ಉಜ್ಜುಗೊರಡನ್ನು ಅದೇ ಕಲ್ಲಿನ ಮೇಲಿಟ್ಟು, ಬಸವರಾಜುವನ್ನು ಕರೆದ.

“ಬುದ್ದಿ ಇಲ್ದೆ ಆಯ್ತು ಕಣಣ್ಣೋ. ಬಾಗ್ಲು ಇಡ್ಕತಿತ್ತು, ವಸಿ ಉಜ್ಜಿ ತಂದಿಡಾಣ ಅಂತ ಎತ್ಕಂಡೆ. ಕಲ್ ಮ್ಯಾಲಿದ್ದುದ್ದ ಬೇಕಾದೋರು ತಗಬೌದು ಅಂತ ನೀವೇ ಏಳಿದ್ರಲ್ಲ. ಬೆಳಿಗ್ಗೆ ನೋಡುದ್ರೆ ಪಂಚಾಯ್ತಿ. ಎದ್ರಿಕೆ ಆಗಿ ಇದ್ನೂ ಚೀಲಕ್ಕಾಕ್ಕಂಡು ತ್ವಾಟಕ್ಕೆ ಒಂಟೋದೆ.”

ಅವನ ಮಾತಿನಲ್ಲಿ ತಪ್ಪು ಹುಡುಕಿದರೆ ಸಂಘದ ಕಾನೂನೇ ತಪ್ಪಾಗಬೇಕು. ಊರಿನ ಬಾಗಿಲುಗಳೆಲ್ಲ ಮಳೆಗಾಲದಲ್ಲಿ ಉಬ್ಬಿಕೊಂಡಾಗ ಮಾದೇಶನ ಮನೆಯದೊಂದೇ ಸಲೀಸಾಗಿ ಹಾಕಿಕೊಳ್ಳುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು, ಯಾರೂ ಯೋಚಿಸಿರಲಿಲ್ಲ. ಬಸವರಾಜು ಬೈಯುತ್ತಾನೆ ಎಂದುಕೊಂಡೆವು. ಅವನು ಉಜ್ಜುಗೊರಡು ಎತ್ತಿಕೊಂಡು, ತನ್ನ ಮನೆಯ ಕಡೆ ತಿರುಗದೆ, ಸಣ್ಣಬೀರಯ್ಯನ ಮನೆಯ ದಾರಿ ಹಿಡಿದ. ನಾವು ಹಿಂದೆಯೇ ಹೋದೆವು.

ಸಣ್ಣಬೀರಯ್ಯ ಜಗಲಿಯ ಮೇಲೆ ಕೂತಿದ್ದ. ಬಸವರಾಜು ಮುಂದೆ ನಿಂತು ಉಜ್ಜುಗೊರಡನ್ನು ಚಾಚಿದ. ಸಣ್ಣಬೀರಯ್ಯ ಅದನ್ನೂ ಅವನ ಮುಖವನ್ನೂ ನೋಡಿದ. ಅಷ್ಟು ವರ್ಷದ ಮೇಲೆ ಗೆಳೆಯನ ಜೊತೆ ಅವನು ಆಡಿದ ಮೊದಲ ಮಾತು ಇದು:

“ಕೆಳಗಿಡು.”

“ಇಡಾಕಿಲ್ಲ. ಕೈಗೇ ತಗ.”

“ಜಗಳ ಬತ್ತದೆ ಕಣ್ಲಾ.”

“ಬರ್ಲಿ ಅಂತಾನೇ ಕೊಡ್ತಿರದು,” ಎಂದ ಬಸವರಾಜು. “ಜಗಳನಾದ್ರೂ ಆಡ್ಲಾ. ಇಂಗೇ ಮೂಗರಂಗೆ ಇದ್ದು ಸತ್ತೋಗಾದಾ?”

ಸಣ್ಣಬೀರಯ್ಯ ಎರಡೂ ಕೈ ನೀಡಿ ಇಸಿದುಕೊಂಡ. ಒಳಗೆ ಯಶೋದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಗಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇಬ್ಬರೂ ನೇರವಾಗಿ ಹೋಗಿ ಬ್ಯಾರನ್ನಿನ ಬೀಗ ತೆಗೆದರು. ಊಟದ ಹೊತ್ತಿಗೆಲ್ಲ ತೊಟ್ಟಿಲ ಯಾವ ಕಾಲು ಗಿಡ್ಡ, ಕತ್ತರಿಸಿದವರು ಯಾರು ಎಂದು ಹತ್ತಿದ ಜಗಳ ಕೆರೆ ಏರಿಯವರೆಗೂ ಕೇಳಿಸುತ್ತಿತ್ತು. ಒಬ್ಬನ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಶುರು ಮಾಡುತ್ತಿದ್ದ. ವರ್ಷಗಳ ಬಾಕಿ ತೀರಬೇಕಿತ್ತಲ್ಲ.

ಮೊಮ್ಮಗಳ ಮಗ್ಗುಲಲ್ಲಿ ಕೂತು ಮರಿಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಕೆಂಪಾಜಮ್ಮ ಆ ಗದ್ದಲಕ್ಕೆ ಕಿವಿಗೊಟ್ಟು ಕೇಳಿ, ತನ್ನ ಮಾತು ಸುಳ್ಳಾಗಲಿಲ್ಲವೆಂಬ ತೃಪ್ತಿಯಲ್ಲಿ ತಲೆದೂಗಿದಳು.

“ನಾನಾಗ್ಲೇ ಏಳ್ನಿಲ್ವಾ? ಕಬ್ಬಿಣಾವ ಕೈಗ್ ಕೊಟ್ರೆ ಜಗಳ ಬರ್ದೇ ಇದ್ದದಾ?”