ಅಕ್ಕನ ಭಾನುವಾರಗಳು

ಅಕ್ಕನ ಎಡಗೆನ್ನೆಯ ಮೇಲೆ ಕಿವಿಯಿಂದ ಬಾಯಿಯವರೆಗೆ ಮಚ್ಚಿನ ಗಾಯದ ಗೆರೆಯಿದೆ. ನಕ್ಕರೆ ಆ ಕಡೆ ಅಲುಗುವುದಿಲ್ಲ. ಆ ಏಟು ಬೀಳುವ ಮೊದಲು ಅವಳು ನನ್ನನ್ನು ಕರೆದಿದ್ದಳು. ನಾನು ಹೋಗಲಿಲ್ಲ.

ಗೌನಿಪಲ್ಲಿ ಕಡೆಯ ನಮ್ಮೂರಿನಲ್ಲಿ ನಮ್ಮದು ನಾಲ್ಕೈದು ಮನೆಗಳ ಸಣ್ಣ ಕ್ರೈಸ್ತ ಸಭೆ. ಭಾನುವಾರ ಆರಾಧನೆ ಮುಗಿದರೆ ಉಳಿದವರು ಊಟಕ್ಕೆ ಹೋಗುತ್ತಿದ್ದರು. ಅಕ್ಕ ಅರಿಶಿನ, ಹಳೆ ಪಂಚೆಯ ತುಂಡು, ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು, ಗಂಡನ ಕೈಯಲ್ಲಿ ಒದೆ ತಿಂದ ಹೆಂಗಸರ ಮನೆಗೆ ಹೋಗುತ್ತಿದ್ದಳು. ಅವರು ಯಾವ ದೇವರಿಗೆ ಕೈಮುಗಿಯುತ್ತಾರೆಂದು ಕೇಳಿದವಳಲ್ಲ. "ಮೊದ್ಲು ರಕ್ತ ನಿಲ್ಲಲಿ, ಆಮೇಲೆ ಪ್ರಾರ್ಥನೆ" ಎನ್ನುತ್ತಿದ್ದಳು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪಂದ್ಯದ ಹುಂಜದ ಕಾಲಿಗೆ ಕತ್ತಿ ಕಟ್ಟುವುದರಲ್ಲಿ ಮಾತ್ರ ನನಗೆ ಹೆಸರಿತ್ತು. ಭಾನುವಾರ ಮಾವಿನ ತೋಪಿನಲ್ಲಿ ಎದುರಾಳಿ ಹುಂಜದ ಕರುಳು ಮಣ್ಣಿಗೆ ಬಿದ್ದರೆ ಜನ ನನ್ನ ಬೆನ್ನು ತಟ್ಟುತ್ತಿದ್ದರು.

"ಅಷ್ಟು ಬಿಗಿಯಾಗಿ ಕಟ್ತೀಯಲ್ಲೋ, ನನ್ ಜೊತೆ ಬಂದು ಗಾಯಕ್ಕೆ ಕಟ್ಟು. ಹುಂಜ ಸತ್ರೆ ಸಾರಾಗ್ತದೆ. ನಿನ್ ಭಾನುವಾರ ಏನಾಗ್ತದೆ?" ಎಂದು ಅಕ್ಕ ಕೇಳುತ್ತಿದ್ದಳು.

ಅವತ್ತು ತೋಪಿಗೇ ಬಂದಳು. ಹಿಂದಿನ ಬೀದಿಯವನು ಹೆಂಡತಿಯನ್ನು ಕೂಡಿಹಾಕಿ ಬಡಿಯುತ್ತಿದ್ದ.

"ಕುಡಿದವ್ನೆ ಅವ್ನು. ಒಬ್ಳೇ ಹೋಗೋಕೆ ಭಯ ಆಗ್ತದೆ, ಬಾರೋ."

ನನ್ನ ತೊಡೆಯ ಮೇಲೆ ಹುಂಜವಿತ್ತು. ದಾರ ಅರ್ಧ ಸುತ್ತಿಯಾಗಿತ್ತು. "ಇದೊಂದು ಪಂದ್ಯ ಆಗ್ಲಿ ಇರಕ್ಕ" ಎಂದೆ.

"ಏನ್ಲಾ, ಅಕ್ಕನ ಸೆರಗು ಹಿಡ್ಕೊಂಡ್ ಹೋಗ್ತೀಯಾ?" ಎಂದ ಪಕ್ಕದವನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಕ್ಕ ಒಬ್ಬಳೇ ಹೋದಳು.

ಪಂದ್ಯ ಮುಗಿಸಿ ನಾನು ಹೋಗುವಷ್ಟರಲ್ಲಿ ಜನ ಆ ಗಂಡನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರು. ಹೆಂಡತಿಯ ಕುತ್ತಿಗೆಗೆ ಬೀಸಿದ ಮಚ್ಚಿಗೆ ಅಕ್ಕ ಅಡ್ಡ ಹೋಗಿದ್ದಳು. ಕೆನ್ನೆ ಸೀಳಿ ಹಲ್ಲು ಕಾಣುತ್ತಿತ್ತು. ಆ ಹೆಂಗಸೇ ಪಂಚೆಯ ತುಂಡು ಒತ್ತಿ ಹಿಡಿದಿದ್ದಳು. ಅವನನ್ನು ಬಿಡಿಸು ಎಂದು ಅಕ್ಕ ನನಗೆ ಕೈಸನ್ನೆ ಮಾಡಿದಳು. ನಾನು ಬಿಡಿಸಲಿಲ್ಲ. ಕಲ್ಲೆತ್ತಿ ಅವನ ಮುಖಕ್ಕೆ ಗುದ್ದಿದೆ. ಅಕ್ಕ ಕಣ್ಣು ಮುಚ್ಚಿಕೊಂಡಳು.

ಕೋಲಾರದಲ್ಲಿ ಹೊಲಿಗೆ ಹಾಕಿಸಿದೆವು. ಗುಣವಾದ ಮೇಲೆ ಅಕ್ಕ ಮತ್ತೆ ಆ ಮನೆಗಳಿಗೆ ಹೊರಟಳು. ಈಗ ನಾನೂ ಜೊತೆಗೆ ಹೋಗುತ್ತೇನೆ. ಆದರೆ ಆ ದಿನದ ಮಾತು ಮಾತ್ರ ಇಬ್ಬರೂ ಎತ್ತಿರಲಿಲ್ಲ.

ನಮ್ಮ ಸಭೆಯಲ್ಲಿ ಆರಾಧನೆಯ ಕೊನೆಗೆ, ದೇವರು ಮಾಡಿದ ಉಪಕಾರಕ್ಕೆ ಎದ್ದು ನಿಂತು ಸಾಕ್ಷಿ ಹೇಳುವುದು ವಾಡಿಕೆ. ಕಳೆದ ಭಾನುವಾರ ನಾನು ಎದ್ದೆ. ಉಪಕಾರ ಹೇಳಲಿಲ್ಲ. ಅಕ್ಕ ಕೂತಿದ್ದ ಹೆಂಗಸರ ಚಾಪೆಯ ಕಡೆ ತಿರುಗಿದೆ.

"ಅಕ್ಕ, ಅವತ್ತು ನೀನು ತೋಪಿಗೆ ಬಂದು ಕರ್ದಾಗ ನಂಗೇನು ಅವನ ಭಯ ಇರ್ಲಿಲ್ಲ. ಆಟ ಬಿಟ್ಟು ಏಳೋಕೆ ಮನಸ್ಸಿರ್ಲಿಲ್ಲ, ಅಷ್ಟೇ. ತಪ್ಪಾಯ್ತಕ್ಕ."