ಫೋನಿನಲ್ಲಿ ಘಟ್ಟ ಇಳಿದ ಮಾದಪ್ಪ

ನಮ್ಮೂರ ಮಾದಪ್ಪನ ಗುಡಿಯ ಪೂಜಾರಿಗೆ ಕ್ಯಾಮೆರಾ ಫೋನ್ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಎತ್ತಿದರೆ ಅಂಗೈ ಅಡ್ಡ ಹಿಡಿದು, "ಕಣ್ಣಲ್ಲಿ ನೋಡ್ಕಳಿ, ಸಾಕು" ಎನ್ನುತ್ತಿದ್ದರು.

ಅವ್ವ ಸತ್ಯಮಂಗಲದ ಆಸ್ಪತ್ರೆಯಲ್ಲಿ ಮಲಗಿ, ಮಾದಪ್ಪನ ಮುಖ ನೋಡದೆ ಆಪರೇಷನ್‌ಗೆ ಒಪ್ಪುವುದಿಲ್ಲವೆಂದು ಹಟ ಹಿಡಿದಳು. ನಾನು ಘಟ್ಟ ಹತ್ತಿ ಬಂದು, ಅಂಜುತ್ತಲೇ ಪೂಜಾರಿಯನ್ನು ಒಂದು ಫೋಟೋ ಕೇಳಿದೆ. ಅವರು ಒಳಗೆ ಹೋಗಿ ಆರತಿ ಹಚ್ಚಿದರು.

"ತಡಿಲಾ, ಊವ ಅಡ್ಡ ಅದೆ. ನಿಮ್ಮವ್ವಂಗೆ ಮೊಕ ಸರ್ಯಾಗಿ ಕಾಣ್ಲಿ" ಎಂದು ಹೂ ಸರಿಸಿದರು.

ಫೋನಿನ ಪರದೆಗೆ ಕೈಮುಗಿದು ಅವ್ವ ಒಪ್ಪಿದಳು. ಮಾರನೆಯ ದಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಊರಿನ ಅಂಗಡಿಗೆ ಫೋನ್ ಮಾಡಿದರೆ, ಅಲ್ಲೇ ಕಾದಿದ್ದ ಪೂಜಾರಿಯೇ ಎತ್ತಿದರು. ವಿಷಯ ಕೇಳಿ ದೊಡ್ಡದಾಗಿ ಉಸಿರುಬಿಟ್ಟು ಹೇಳಿದರು: "ಸದ್ಯ! ಇನ್ನ ನಾನು ಉಣ್ತೀನಿ ಕಣ್ಲಾ. ನೆನ್ನೆಯಿಂದ ಬಾಯ್ಗೆ ಏನೂ ಆಕ್ಕಂಡಿಲ್ಲ."